ಬಾಗಿಲಿಲ್ಲದ ಫಿಲ್ಟರ್

"ಗುರುಗಳೇ, ಒಬ್ಬನಿಗೆ ಸಡಿಲ ಬಿಟ್ಟ ಮೇಲೆ ನಿಯಮ ನಿಯಮವಾಗಿ ಉಳಿಯುತ್ತದೆಯೇ?"

ಕೇಳಿದವನು ವಾಮನ. ನದಿ ಕಡಲು ಸೇರುವ ಕಡೆಯಲ್ಲಿದ್ದ ಆ ಚಿಕ್ಕ ಮಠದಲ್ಲಿ ಅಡುಗೆಮನೆಯ ಉಸ್ತುವಾರಿ ಅವನದು. ಕುಡಿದವನು ಒಲೆಯ ಹತ್ತಿರ ಸುಳಿಯಬಾರದು, ಸುಳಿದರೆ ಮಠ ಬಿಡಬೇಕು ಎಂದು ನಿಯಮ ಮಾಡಿದವನೂ ಅವನೇ. ಅಡುಗೆಯ ಜಟ್ಟಪ್ಪ ಹಿಂದಿನ ಸಂಜೆ ಕುಡಿದು ಬಂದು, ಅಕ್ಕಿ ಮೂಟೆಯನ್ನು ತಬ್ಬಿಕೊಂಡು, ಅದಕ್ಕೇ ಸುಖದುಃಖ ಹೇಳುತ್ತ ಮಲಗಿಬಿಟ್ಟಿದ್ದ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಮಠ ಬಿಟ್ಟರೆ ಅವನಿಗೆ ಬೇರೆ ಮನೆ ಇರಲಿಲ್ಲ. ಈಗ ಬಟ್ಟೆಯ ಗಂಟು ಕಟ್ಟಿಕೊಂಡು ಹೊರಜಗುಲಿಯಲ್ಲಿ ಕೂತಿದ್ದ. ಗುರುಗಳು ಹೋಗು ಎಂದರೆ ಹೋಗುವುದು, ಅಷ್ಟೇ.

ಗುರುಗಳು ಜಟ್ಟಪ್ಪನ ಮಾತೆತ್ತಲಿಲ್ಲ. "ಕೂತುಕೋ" ಎಂದರು. ವಾಮನ ಕೂತ. ಅವರು ಹೇಳತೊಡಗಿದರು.

ಒಬ್ಬ ದೋಣಿಯವನಿದ್ದ. ಅವನ ದೋಣಿ ಚಿಕ್ಕದು. ದೋಣಿಯ ಡೀಸೆಲ್ ಎಂಜಿನ್ನೂ ಚಿಕ್ಕದು, ಹಳೆಯದು. ಅದರ ಮೇಲೆ ಅವನಿಗಿದ್ದ ಅಕ್ಕರೆ ಮಾತ್ರ ಚಿಕ್ಕದಲ್ಲ. ದಿನವೂ ಒರೆಸುವನು. ಎಣ್ಣೆ ಹೊಯ್ಯುವ ಮೊದಲು ಎಣ್ಣೆಯ ಡಬ್ಬಿಯ ಬಾಯನ್ನೂ ಒರೆಸುವನು. ಬೇರೆಯವರು ಎಂಜಿನ್ ಮುಟ್ಟಲು ಬಂದರೆ ಮೊದಲು ಕೈ ನೋಡುವನು, ಆಮೇಲೆ ಮುಖ ನೋಡುವನು. "ತಾಳಿ ಅದಕ್ಕೇ ಕಟ್ಟಬೇಕೆಂದಿದ್ದರು, ಕೈತಪ್ಪಿ ನನಗೆ ಬಿತ್ತು" ಎಂದು ಹೆಂಡತಿ ನೆರೆಯವರ ಮುಂದೆ ಹೇಳುತ್ತಿದ್ದಳು. ಅವನೂ ನಗುತ್ತಿದ್ದ. ನಗುತ್ತಲೇ ಒರೆಸುತ್ತಿದ್ದ.

ಕಡಲಿನಲ್ಲಿ ಒಂದಷ್ಟು ದೂರ ಹೋದರೆ ಒಂದು ಬಂಡೆ ಸಿಗುತ್ತಿತ್ತು. ನೀರು ಇಳಿದಾಗ ಮೇಲೆ ಕಾಣುವುದು, ಏರಿದಾಗ ಮುಳುಗುವುದು. ಅದರ ಮೈತುಂಬ ಚಿಪ್ಪಿ ಅಂಟಿಕೊಂಡು ಬೆಳೆಯುತ್ತಿತ್ತು. ದೋಣಿಯವ ನೀರು ಇಳಿಯುವ ಹೊತ್ತಿಗೆ ಹೆಂಡತಿಯ ತಮ್ಮನನ್ನು ಅಲ್ಲಿ ಇಳಿಸುವನು. ಅವನು ಚಿಪ್ಪಿ ಕಿತ್ತು ಮೂಟೆ ಕಟ್ಟಿಕೊಂಡು ನಿಲ್ಲುವನು. ನೀರು ಏರುವ ಮೊದಲು ದೋಣಿ ಹೋಗಿ ಕರೆತರುವುದು. ಆ ಮನೆಯ ಅನ್ನ ನಡೆಯುತ್ತಿದ್ದುದೇ ಹೀಗೆ.

ಒಂದು ಸಲ, ಎಂಜಿನ್ನಿನ ಒಳಭಾಗಗಳು ಒಂದಕ್ಕೊಂದು ಉಜ್ಜಿ ಸುಡದಂತೆ ಕಾಯುವ ಎಣ್ಣೆಯನ್ನು ಸೋಸುವ ಫಿಲ್ಟರ್ ಬದಲಿಸುವ ಕಾಲ ಬಂತು. ದೋಣಿಯವ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೇಟೆಗೆ ಹೋದ. ಅಂಗಡಿಯವ ಅದನ್ನು ತಿರುಗಿಸಿ ನೋಡಿ ಎರಡು ಹೊಸ ಫಿಲ್ಟರ್ ತಂದು ಮುಂದಿಟ್ಟ. ಎರಡೂ ಅವಳಿ ಮಕ್ಕಳ ಹಾಗೆ. ಅದೇ ಎತ್ತರ, ಅದೇ ಸುತ್ತಳತೆ, ಬಾಯಿಗೆ ಅದೇ ರಬ್ಬರಿನ ಬಳೆ, ಒಳಗೆ ಅದೇ ತಿರುಪು.

"ಒಳಗೆ ಇಣುಕಿ ನೋಡು" ಎಂದ ಅಂಗಡಿಯವ. "ಇದರ ತಳದಲ್ಲಿ ಸ್ಪ್ರಿಂಗ್ ಉಂಟಲ್ಲ, ಅದು ಬಾಗಿಲು. ಯಾವತ್ತಾದರೂ ಸೋಸುವ ಕಾಗದ ಕೊಳೆ ಕಟ್ಟಿ ಮುಚ್ಚಿಹೋದರೆ ಅದು ತಾನೇ ತೆರೆದುಕೊಳ್ಳುತ್ತದೆ. ಎಣ್ಣೆ ಆ ದಾರಿಯಲ್ಲಿ ಎಂಜಿನ್ನಿಗೆ ಹೋಗುತ್ತದೆ."

"ಸೋಸದೆಯೇ?"

"ಸೋಸದೆಯೇ."

"ಕೊಳೆಯ ಸಮೇತ?"

"ಮತ್ತೆ? ಕೊಳೆಯನ್ನು ಹೊಸ್ತಿಲಲ್ಲಿ ಕೂರಿಸಿ ಎಣ್ಣೆ ಒಂದೇ ಒಳಗೆ ಹೋಗುತ್ತದಾ ಮಾರಾಯ?"

ದೋಣಿಯವ ಇನ್ನೊಂದನ್ನು ಎತ್ತಿಕೊಂಡ. ಅದರ ತಳದಲ್ಲಿ ಸ್ಪ್ರಿಂಗ್ ಇರಲಿಲ್ಲ.

"ಅದಕ್ಕೆ ಬಾಗಿಲಿಲ್ಲ. ಕಾಗದವೂ ತುಂಬ ಬಿಗಿ, ಧೂಳಿನಷ್ಟು ಸಣ್ಣದನ್ನೂ ಬಿಡುವುದಿಲ್ಲ. ಆದರೆ ಅದು ಬೇರೆ ಜಾತಿಯ ಎಂಜಿನ್ನಿಗೆ. ಅವುಗಳ ಮೈಯಲ್ಲೇ ಬಾಗಿಲು ಉಂಟು. ನಿನ್ನದಕ್ಕೆ ಇಲ್ಲ. ನಿನಗೆ ಮೊದಲನೆಯದೇ ಸರಿ."

ದೋಣಿಯವನಿಗೆ ಮೊದಲನೆಯದನ್ನು ನೋಡಿದರೇ ಮೈ ಉರಿಯಿತು. ತಾನು ಡಬ್ಬಿಯ ಬಾಯನ್ನೂ ಒರೆಸುವವನು. ಅಂಥವನ ಎಂಜಿನ್ನಿಗೆ, ಕಷ್ಟ ಬಂದ ಕೂಡಲೇ ಕೊಳೆಯ ಜೊತೆ ರಾಜಿಯಾಗುವ ಫಿಲ್ಟರೇ? "ಕೊಳೆ ತಡೆಯಲೆಂದೇ ಫಿಲ್ಟರ್ ಹಾಕುವುದು" ಎಂದ. "ಕೊಳೆಗೆ ಹಿತ್ತಿಲ ಬಾಗಿಲು ತೆರೆದುಕೊಡುವುದಾದರೆ ಅದು ಯಾತಕ್ಕೆ? ಆ ಬಾಗಿಲಿಲ್ಲದ್ದೇ ಕೊಡು."

"ನಾನು ಹೇಳುವುದು ಹೇಳಿದೆ" ಎಂದ ಅಂಗಡಿಯವ. "ಎಂಜಿನ್ ನಿನ್ನದು. ಹಟವೂ ನಿನ್ನದೇ. ಎರಡಕ್ಕೂ ನನ್ನಲ್ಲಿ ಗ್ಯಾರಂಟಿ ಇಲ್ಲ."

ಫಿಲ್ಟರ್ ಸರಿಯಾಗಿ ಕೂತಿತು. ಒಂದು ಹನಿ ಜಿನುಗಲಿಲ್ಲ. ಎಂಜಿನ್ ಶುರುವಾಯಿತು. ಅದರ ಸದ್ದು ಮೊದಲಿಗಿಂತ ಮೃದುವಾಗಿದೆ ಎಂದು ದೋಣಿಯವನಿಗೆ ಅನಿಸಿತು. ಹಾಗೆ ಅನಿಸಬೇಕೆಂದು ಅವನಿಗೆ ಆಸೆಯಿತ್ತು. ಊರಿನವರಿಗೆಲ್ಲ ಹೇಳಿಕೊಂಡು ಬಂದ.

ಹಳೆಯ ಎಂಜಿನ್ನು ಮಸಿ ಮಾಡುವುದು ಹೆಚ್ಚು. ಬಿಗಿ ಕಾಗದ ಆ ಮಸಿಯನ್ನೆಲ್ಲ ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ಹೊರಗಿನಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ದೋಣಿಯವ ಹೊರಗಿನಿಂದ ಅದನ್ನು ದಿನವೂ ಒರೆಸಿದ.

ಒಂದು ದಿನ ಬೆಳಿಗ್ಗೆ ಮೈದುನ ಬಂಡೆಗೆ ಇಳಿದ. "ಭಾವ, ಹೊತ್ತಿಗೆ ಸರಿಯಾಗಿ ಬಾ" ಎಂದ. "ಎಂಜಿನ್ನಿಗೆ ಕುಂಕುಮ ಇಡುತ್ತ ಕೂತುಬಿಡಬೇಡ. ನನಗೆ ಇನ್ನೂ ಮದುವೆ ಆಗಬೇಕು."

"ನಿನಗೆ ಯಾರು ಹೆಣ್ಣು ಕೊಡುತ್ತಾರೆ? ಮೈಯೆಲ್ಲ ಚಿಪ್ಪಿ ವಾಸನೆ" ಎಂದು ಹೇಳಿ ದೋಣಿಯವ ದಡಕ್ಕೆ ಬಂದ.

ಅಂದು ಗಾಳಿ ಬೇಗ ತಿರುಗಿತು. ಅಲೆಗಳು ಎತ್ತರವಾದವು. ದೋಣಿಯವ ಎಂದಿಗಿಂತ ಮೊದಲೇ ಹೊರಟ. ಎಂಜಿನ್ನನ್ನು ಎಂದಿಗಿಂತ ಜೋರಾಗಿ ಓಡಿಸಿದ. ದೂರದಲ್ಲಿ ಬಂಡೆ ಕಂಡಿತು. ಬಂಡೆಯ ಮೇಲೆ ನಿಂತು ಮೈದುನ ಟವೆಲ್ ಬೀಸುತ್ತಿದ್ದ.

ಅರ್ಧ ದಾರಿಯಲ್ಲಿ ಕಾಗದ ಪೂರ್ತಿ ಮುಚ್ಚಿಕೊಂಡಿತು.

ಎಂಜಿನ್ನಿನ ದನಿ ಬದಲಾಯಿತು. ಸುಟ್ಟ ವಾಸನೆ ಬಂತು. ಒಳಗೆ ಏನೋ ಬಡಿದುಕೊಂಡಿತು. ಆಮೇಲೆ ನಿಂತುಹೋಯಿತು. ದೋಣಿಯವ ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದ. ಎಣ್ಣೆ ಬೇಕಾದಷ್ಟಿತ್ತು. ಅವನಿಗೆ ಏನೂ ಅರ್ಥವಾಗಲಿಲ್ಲ.

ಅವನು ಹುಟ್ಟು ಹಾಕಿದ. ಒಂದು ಮಾರು ಮುಂದೆ ಹೋದರೆ ಅಲೆ ಅವನನ್ನು ಎರಡು ಮಾರು ಹಿಂದೆ ತರುತ್ತಿತ್ತು. ಅಂಗೈಯ ಚರ್ಮ ಕಿತ್ತುಬಂತು. ಮೈದುನ ಮೊದಮೊದಲು ಕೂಗುತ್ತಿದ್ದ. ಆಮೇಲೆ ಕೂಗುವುದನ್ನು ಬಿಟ್ಟು ಚಿಪ್ಪಿಯ ಮೂಟೆಯನ್ನು ಬಂಡೆಯ ನೆತ್ತಿಯ ಮೇಲಿಟ್ಟು ಅದರ ಮೇಲೆ ಹತ್ತಿ ನಿಂತ. ಅವನಿಗೆ ಈಜು ಬರುತ್ತಿತ್ತು. ಆದರೆ ಬಂಡೆಗೆ ಅಪ್ಪಳಿಸುವ ಆ ನೀರಿಗೆ ಬಿದ್ದವನನ್ನು ಅಲೆ ಎತ್ತಿ ಚಿಪ್ಪಿಯ ಅಲಗುಗಳ ಮೇಲೇ ಎಸೆಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಅವನು ಭಾವನ ಕಡೆ ನೋಡುತ್ತ ನಿಂತೇ ಇದ್ದ.

ಸ್ವಲ್ಪ ಹೊತ್ತಿಗೆ ಬಂಡೆ ಕಾಣಲಿಲ್ಲ. ಆಮೇಲೆ ಅವನೂ ಕಾಣಲಿಲ್ಲ.

ಮಾರನೆಯ ದಿನ ಕಡಲು ಅವನನ್ನು ದಡಕ್ಕೆ ತಂದು ಮಲಗಿಸಿತು.

ಸಂಸ್ಕಾರ ಮುಗಿದ ಮೇಲೆ ದೋಣಿಯವ ಎಂಜಿನ್ನಿನಿಂದ ಫಿಲ್ಟರ್ ಬಿಚ್ಚಿದ. ಗರಗಸದಿಂದ ಅದನ್ನು ಸೀಳಿದ. ಕಾಗದದ ಮಡಿಕೆ ಮಡಿಕೆಯಲ್ಲಿ ಮಸಿ ಹೆಪ್ಪುಗಟ್ಟಿತ್ತು. ಫಿಲ್ಟರ್ ಮಾತಿಗೆ ತಪ್ಪಿರಲಿಲ್ಲ. ಒಂದು ಕಣ ಕೊಳೆಯೂ ಅದನ್ನು ದಾಟಿರಲಿಲ್ಲ. ಕೊನೆಗೆ ಒಂದು ಹನಿ ಎಣ್ಣೆಯೂ ದಾಟಿರಲಿಲ್ಲ.

ಹೆಂಡತಿ ಬಂದು ಅವನ ಎದುರು ನಿಂತಳು. ಅವಳು ಎಂಜಿನ್ನಿನ ಬಗ್ಗೆ ಏನೂ ಕೇಳಲಿಲ್ಲ.

"ನನ್ನ ತಮ್ಮ ನಿಮ್ಮನ್ನು ಎಷ್ಟು ಹೊತ್ತು ಕಾದ?" ಎಂದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ವಾಮನ ತಲೆ ತಗ್ಗಿಸಿ ಕೂತಿದ್ದ. ಅವನು ಬುದ್ಧಿವಂತ. ಕತೆ ಎತ್ತ ಹೋಗುತ್ತಿದೆ ಎಂಬುದು ಅವನಿಗೆ ಆಗಲೇ ತಿಳಿದಿತ್ತು, ಅದಕ್ಕೇ ಒಂದು ಸಂದಿಯನ್ನೂ ಹುಡುಕಿಕೊಂಡಿದ್ದ. ನಿಯಮ ತನ್ನದು, ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದು ಹೇಗೆ?

"ಆದರೆ ಗುರುಗಳೇ, ಬಾಗಿಲಿರುವುದನ್ನು ಹಾಕಿದ್ದರೆ ಕೊಳೆಯೆಲ್ಲ ಒಳಗೆ ಹೋಗುತ್ತಿತ್ತಲ್ಲ? ಎಂಜಿನ್ ಸವೆಯುತ್ತಿತ್ತಲ್ಲ?"

"ಸವೆಯುತ್ತಿತ್ತು, ವಾಮನ" ಎಂದರು ಗುರುಗಳು. "ಸವೆಯುತ್ತಲೇ ಬಂಡೆ ಮುಟ್ಟುತ್ತಿತ್ತು."