ಐದು ಅರ ಹಿಂದೆ

ಹನ್ನೆರಡು ಅರಗಳ ಹಳೆಯ ಗಾಡಿಗಾಲಿಯೊಂದು ನೆಲದ ಮೇಲೆ ಮಲಗಿತ್ತು. ಗೂಡಿಗೆ ನೀರು ನುಗ್ಗಿದಾಗ ಇರುವೆಗಳು ಮೊಟ್ಟೆಗಳನ್ನು ಹೊತ್ತು ಅದರ ಮೇಲೇರಿ, ಒಂದು ಸುತ್ತು ಮುಗಿದದ್ದೂ ತಿಳಿಯದೆ ಓಡಿದ್ದವು. ತಡವಾಗಿ ಬಂದ ತಾಯಿ ಇರುವೆ ಚೆನ್ನಿಗೆ ಸಿಕ್ಕಿದ್ದು ಒಂದೇ ಸುದ್ದಿ: ಮೊಟ್ಟೆಗಳಿರುವುದು ಮೊಳೆ ಹೊಡೆದ ಅರದಿಂದ ಹದಿನೇಳು ಅರ ಹಿಂದಕ್ಕೆ.

ಚೆನ್ನಿ ಲೆಕ್ಕದಲ್ಲಿ ಗಟ್ಟಿಗಿತ್ತಿ. ಹನ್ನೆರಡಕ್ಕೆ ಒಂದು ಸುತ್ತು, ಅದನ್ನು ಬಿಟ್ಟರೆ ಉಳಿದದ್ದು ಐದು. ಆದರೆ ಅಷ್ಟರಲ್ಲಿ ಮೊಳೆಯ ಹಿಂದಿನ ನಾಲ್ಕು ಅರಗಳ ದಾರಿಗೆಲ್ಲ ಕೀಲೆಣ್ಣೆ ಚೆಲ್ಲಿತ್ತು; ಕಾಲಿಟ್ಟರೆ ಅಂಟಿಕೊಂಡು ಸಾಯಬೇಕು. ಅವಳು ಅಲ್ಲೇ ಕುಸಿದಳು.

ಪಕ್ಕದಲ್ಲಿ ಉಂಡೆ ಉರುಳಿಸುತ್ತಿದ್ದ ಸಗಣಿಹುಳ ಕೇಳಿತು, "ಏನಾಯಿತು ತಾಯಿ?"

"ಮೊಳೆಯಿಂದ ಹದಿನೇಳು ಅರ ಹಿಂದಕ್ಕೆ ಅಂದರು ಅಣ್ಣ. ಒಂದು ಸುತ್ತು ಕಳೆದರೂ ನನ್ನ ಮೊಟ್ಟೆಗಳು ಐದು ಅರ ಹಿಂದೆ ಉಳಿದುಬಿಟ್ಟವು, ಆ ದಾರಿಗೆಲ್ಲ ಎಣ್ಣೆ. ಸಾಲಿನಲ್ಲಿ ನಡೆಯುವ ನಮಗೆ ಹಿಂದೆ ಅಂದರೆ ಹಿಂದೆಯೇ."

"ಮುಂದಕ್ಕೆ ಹದಿನೇಳು ಅಂದಿದ್ದರೆ ನಿಮ್ಮ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಐದೇ ಬರುತ್ತಿತ್ತು. ಹಿಂದಕ್ಕೆ ಅಂದಾಗ ಮಾತ್ರ ನೀವು ಉಳಿದದ್ದನ್ನು ಕೊರತೆ ಅಂತ ಹೊತ್ತು ಕೂರುತ್ತೀರಿ. ಇದು ಗಾಲಿ, ತಾಯಿ. ಐದು ಕಡಿಮೆ ಬಿದ್ದರೆ ಒಂದು ಸುತ್ತು ಕೂಡಿಸಿ ನೋಡಿ."

ಚೆನ್ನಿ ಕೂಡಿಸಿದಳು. ಏಳು ಬಂತು, ಅದೂ ಮುಂದಕ್ಕೆ. ಮುಂದಿನ ದಾರಿ ಒಣಗಿತ್ತು. ಒಂದೊಂದೇ ಎಣಿಸುತ್ತ ನಡೆದಳು. ಏಳನೆಯ ಅರದ ಬುಡದಲ್ಲಿ ಮೊಟ್ಟೆಗಳೆಲ್ಲ ಇದ್ದವು. ಒಂದು ಆಗಲೇ ಒಡೆದು ಮರಿ ಮಿಸುಕಾಡುತ್ತಿತ್ತು.

ಆ ಸಾಲಿನ ಇರುವೆಗಳು ಈಗ ದಾರಿ ಹೇಳುವ ಮುನ್ನ ಒಂದು ಮಾತು ಕೇಳುತ್ತವೆ: ನಡೆಯುವುದು ನೆಲದ ಮೇಲೋ, ಗಾಲಿಯ ಮೇಲೋ?