ಬೀದಿಯಲ್ಲಿ ನಿಂತ ಪ್ರಾರ್ಥನೆ

ಹೇಮಾವತಿಯ ದಡದಲ್ಲಿ ಒಂದು ಆಶ್ರಮ. ನಾಲ್ಕು ಗುಡಿಸಲು, ಒಂದು ಜಗಲಿ, ಜಗಲಿಯ ಗೋಡೆಗೆ ಹಲಸಿನ ಮರದ ಶಿಲುಬೆ. ಅಷ್ಟೇ.

ಬೆಳಗಿನ ಹೊತ್ತು ಹೊಳೆಯ ಮಂಜು ಜಗಲಿಯವರೆಗೂ ಏರಿ ಬರುತ್ತಿತ್ತು. ಆಗ ಅಲ್ಲಿ ಕೂತವರಿಗೆ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಆಚೆ ದಡದ ಮಾತುಗಳು ಪಕ್ಕದಲ್ಲೇ ಯಾರೋ ಆಡಿದಂತೆ ಕೇಳುತ್ತಿದ್ದವು.

ಅಲ್ಲಿನ ಗುರು ರಾಯಪ್ಪಸ್ವಾಮಿ. ಎಂಬತ್ತರ ಹತ್ತಿರದ ವಯಸ್ಸು. ಕಾವಿ ಉಡುತ್ತಿದ್ದರು, ಯೇಸುವನ್ನು ನೆನೆಯುತ್ತಿದ್ದರು, ಬೇರೆ ಮಾತು ಕಡಿಮೆ.

ಶಿಷ್ಯ ಇನ್ನಾಸಪ್ಪನಿಗೆ ಮೂವತ್ತೆರಡು. ಶಾಸ್ತ್ರವೆಲ್ಲ ಅವನಿಗೆ ಬಾಯಿಪಾಠ. ದನಿಯೂ ಇಂಪು. ಅವನು ಪ್ರಾರ್ಥನೆ ಹೇಳಿಕೊಡುತ್ತಿದ್ದರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಬರುವ ಹಬ್ಬಕ್ಕೆ ಅವನು ದೀಕ್ಷೆ ತೆಗೆದುಕೊಳ್ಳುವುದಿತ್ತು.

ಒಂದು ದಿನ ಹರಿಗೋಲಿನಲ್ಲಿ ಒಬ್ಬ ಮೇಷ್ಟ್ರು ಬಂದರು. ಸ್ವಾಮಿಗಳಿಗೆ ಕೈಮುಗಿದು, ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದರು.

ಅವರ ತಾಯಿ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಕನ್ಯಾಸ್ತ್ರೀ ಮೂರು ತಿಂಗಳು ಆಕೆಯ ಹುಣ್ಣು ತೊಳೆದಿದ್ದಳಂತೆ. ಜಾತಿ ಕೇಳಲಿಲ್ಲ, ಮುಖ ಸಿಂಡರಿಸಲಿಲ್ಲ. ಅದೇ ವರ್ಷ ಯುಗಾದಿಗೆ ಪಕ್ಕದ ಕ್ರೈಸ್ತರ ಮನೆಗೆ ಒಬ್ಬಟ್ಟು ಕಳಿಸಿದರೆ, ನಿಮ್ಮ ದೇವರ ಮುಂದೆ ಇಟ್ಟಿದ್ದು ನಮಗೆ ಬೇಡ ಎಂದು ತಟ್ಟೆ ವಾಪಸ್ಸು ಬಂದಿತಂತೆ.

"ನಿಮ್ಮ ಧರ್ಮ ಜನರನ್ನ ಪ್ರೀತಿಸೋದು ಕಲಿಸುತ್ತೋ, ದೂರ ಇಡೋದು ಕಲಿಸುತ್ತೋ, ಸ್ವಾಮಿ?"

ರಾಯಪ್ಪಸ್ವಾಮಿ ಶಿಷ್ಯನ ಕಡೆ ಕೈ ತೋರಿಸಿದರು.

ಇನ್ನಾಸಪ್ಪ ಒಂದು ಗಂಟೆ ಮಾತಾಡಿದ. ನೆರೆಯವನನ್ನು, ಪರದೇಶಿಯನ್ನು, ಕಡೆಗೆ ವೈರಿಯನ್ನೂ ಪ್ರೀತಿಸಬೇಕೆನ್ನುವುದೇ ತಮ್ಮ ಧರ್ಮದ ತಿರುಳು ಎಂದ. ಒಬ್ಬಟ್ಟು ತಿರುಗಿ ಕಳಿಸಿದವರಿಗೆ ಧರ್ಮ ತಿಳಿದಿಲ್ಲ ಎಂದ. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಅವರು ಸಮಾಧಾನದಿಂದ ಹರಿಗೋಲು ಹತ್ತಿದರು.

ಹರಿಗೋಲು ಮಂಜಿನೊಳಗೆ ಕರಗಿದ ಮೇಲೆ ಸ್ವಾಮಿಗಳು ಕೇಳಿದರು:

"ಚೆನ್ನಾಗಿ ಹೇಳಿದೆ. ಹೇಳುವಾಗ ನಿನ್ನ ಕಣ್ಣ ಮುಂದೆ ಯಾರಿದ್ದರು?"

"ಯಾರೂ ಇರಲಿಲ್ಲ, ಸ್ವಾಮಿ."

"ಹೌದು. ಯಾರಾದರೂ ಇದ್ದಿದ್ದರೆ ಅಷ್ಟು ಹೊತ್ತು ಮಾತಾಡೋಕೆ ಆಗ್ತಿರಲಿಲ್ಲ."

ಇನ್ನಾಸಪ್ಪನಿಗೆ ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗಲಿಲ್ಲ.

ಆದರೆ ಮರುದಿನದಿಂದ ಪ್ರಾರ್ಥನೆಗೆ ಕೂತರೆ ಒಂದು ಮುಖ ಬರತೊಡಗಿತು. ಮಂಜಿನಲ್ಲಿ ಬರುತ್ತಿತ್ತು, ನೀರಿನ ಸದ್ದಿನಲ್ಲಿ ಬರುತ್ತಿತ್ತು. ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿತ್ತು. ಐದನೆಯ ದಿನ ಅವನು ಹುಟ್ಟಿದಾಗಿನಿಂದ ಬಲ್ಲ ಪ್ರಾರ್ಥನೆಯನ್ನು ನಡುವೆ ಮರೆತು ನಿಂತುಬಿಟ್ಟ.

ಸ್ವಾಮಿಗಳು ಏನಾಯಿತೆಂದು ಕೇಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಅವನು ಕೂತು ಹೇಳಿದ.

ಅವನಿಗೆ ಒಬ್ಬಳೇ ತಂಗಿ, ಲೂರ್ದಮ್ಮ. ಎಂಟು ವರ್ಷದ ಹಿಂದೆ ಆಕೆ ಹೂವಾಡಿಗರ ಶಂಭುಲಿಂಗನನ್ನು ಮದುವೆಯಾದಳು. ದೇವಸ್ಥಾನಕ್ಕೆ ಹಾರ ಕಟ್ಟುವ ಮನೆ. ಮನೆಯಲ್ಲಿ ದೊಡ್ಡ ರಂಪವಾಯಿತು. ಆಗ ಇನ್ನಾಸಪ್ಪ ಎದ್ದು ನಿಂತು ಶಾಸ್ತ್ರ ತೆಗೆದು ಓದಿದ. ಇವಳು ಇನ್ನು ನಮ್ಮವಳಲ್ಲ ಎಂದ. ಅದಾದ ಮೇಲೆ ಯಾರೂ ಅವಳ ಹೆಸರು ಎತ್ತಲಿಲ್ಲ.

ಅವನು ಹೇಳಿದ್ದು ಇಷ್ಟೇ. ಇನ್ನೊಂದು ಸಂಗತಿ ಇತ್ತು. ಅದನ್ನು ಹೇಳಲಿಲ್ಲ.

ಸ್ವಾಮಿಗಳು ಹೊಳೆ ನೋಡುತ್ತಿದ್ದರು.

"ಅವಳ ಮನೆಗೆ ಊಟಕ್ಕೆ ಹೋಗಿ ಬಾ," ಎಂದರು.

"ಅವಳನ್ನ ಕ್ಷಮಿಸಿ ಬರಲಾ, ಸ್ವಾಮಿ?"

"ಬೇಡ. ಬರೀ ಊಟ ಮಾಡಿ ಬಾ. ಪುಸ್ತಕ ಇಲ್ಲೇ ಇಟ್ಟು ಹೋಗು."

ಹೊಳೆ ದಾಟಿ, ಬಸ್ಸು ಹಿಡಿದು ಇನ್ನಾಸಪ್ಪ ಆ ಊರು ಮುಟ್ಟುವಾಗ ಮಧ್ಯಾಹ್ನ. ಹೂವಿನ ಬೀದಿಯಲ್ಲಿ ಎಲ್ಲ ಮನೆಗಳ ಮುಂದೆಯೂ ಒದ್ದೆ ಗೋಣಿ, ಗೋಣಿಯ ಮೇಲೆ ಹೂವಿನ ರಾಶಿ. ವಾಸನೆಯೇ ಅವನನ್ನು ಕೈಹಿಡಿದು ನಡೆಸಿದಂತಿತ್ತು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನಿಸುತ್ತಿತ್ತು.

ಬಾಗಿಲಲ್ಲಿ ಲೂರ್ದಮ್ಮ ಅವನನ್ನು ಕಂಡಳು. ಅಳಲಿಲ್ಲ, ನಗಲಿಲ್ಲ. ಕೈಯಲ್ಲಿದ್ದ ಬಾಳೆನಾರು ಹಾಗೇ ಇತ್ತು.

ಒಳಗಿನಿಂದ ಶಂಭುಲಿಂಗ ಬಂದ. ನಿನ್ನೆ ಬಂದುಹೋದವರನ್ನು ಮತ್ತೆ ಕಂಡವನ ಹಾಗೆ, "ಬನ್ನಿ ಭಾವ, ಕೈಕಾಲು ತೊಳೀರಿ," ಎಂದು ಚೊಂಬು ಕೊಟ್ಟ.

ರಾಗಿಮುದ್ದೆ, ಅವರೆಕಾಳಿನ ಸಾರು. ತಾಯಿಯ ಕೈಯ ಸಾರಿನದೇ ರುಚಿ. ಬಗ್ಗಿ ಬಡಿಸುವಾಗ ತಂಗಿಯ ಕೊರಳಲ್ಲಿ ಹಳೆಯ ಜಪಮಾಲೆ ತೂಗುತ್ತಿದ್ದುದನ್ನು ಇನ್ನಾಸಪ್ಪ ನೋಡಿದ. ಅವಳು ಅದನ್ನು ಬಿಟ್ಟಿರುತ್ತಾಳೆ ಎಂದು ಅವನು ಎಂಟು ವರ್ಷ ನಂಬಿದ್ದ. ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

ಕೈ ತೊಳೆದು ಕೂತ ಮೇಲೆ ಅವಳು ಕೇಳಿದಳು:

"ಅಮ್ಮ ಹೋದ ದಿನ ನಾನು ಬಂದಿದ್ದೆ. ಗೊತ್ತಾ ಅಣ್ಣ?"

ಅವನು ಗುರುಗಳಿಗೆ ಹೇಳದೆ ಬಿಟ್ಟ ಸಂಗತಿ ಅದೇ.

"ಗೊತ್ತು. ಬಾಗಿಲು ಹಾಕಿದವನು ನಾನೇ."

"ನೋಡ್ದೆ." ಅವಳು ನಾರನ್ನು ಬೆರಳಿಗೆ ಸುತ್ತಿಕೊಂಡಳು. "ನೀನು ಒಳಗೆ ಪ್ರಾರ್ಥನೆ ಹೇಳ್ತಿದ್ದೆ. ನಾನು ಬೀದಿಯಲ್ಲಿ ನಿಂತು ಒಂದೊಂದಕ್ಕೂ ಉತ್ತರ ಹೇಳ್ದೆ. ಒಂದೂ ಬಿಡಲಿಲ್ಲ. ನಿನ್ನ ದನಿ ಬೀದಿ ಕೊನೆವರೆಗೂ ಕೇಳ್ತಿತ್ತು ಅಣ್ಣ. ತುಂಬ ಚೆನ್ನಾಗಿತ್ತು."

ಆ ದಿನ ಪ್ರಾರ್ಥನೆಯ ಒಂದೊಂದು ಸಾಲಿಗೂ ಮನೆಯೊಳಗಿನವರೆಲ್ಲ ಉತ್ತರ ಹೇಳಿ ಮುಗಿಸಿದ ಮೇಲೆ, ಒಂದು ಉಸಿರು ತಡವಾಗಿ, ಎಲ್ಲಿಂದಲೋ ಒಂದು ದನಿ ಬರುತ್ತಿತ್ತು. ಅವನು ಕೇಳಿಸಿಕೊಂಡಿದ್ದ. ಮರುದನಿ ಎಂದುಕೊಂಡಿದ್ದ. ಹಾಗೆಂದುಕೊಳ್ಳುವುದು ಅವನಿಗೆ ಬೇಕಾಗಿತ್ತು.

ಅವನು ತಪ್ಪಾಯಿತು ಎನ್ನಲು ಹೊರಟ. ಅವಳು ತಡೆದಳು.

"ಅದೆಲ್ಲ ಬೇಡ. ಅಮ್ಮನ ಗೋರಿ ಎಲ್ಲಿದೆ ಅಂತ ನಾನು ಇನ್ನೂ ನೋಡಿಲ್ಲ. ತೋರಿಸ್ತೀಯಾ?"

ಶಂಭುಲಿಂಗ ಏನೂ ಕೇಳದೆ ಒಳಗೆ ಹೋಗಿ, ಸುಗಂಧರಾಜದ ಹಾರವೊಂದನ್ನು ಕಟ್ಟಲು ಕೂತ.

ಅವರ ಹುಟ್ಟೂರು ಅಲ್ಲಿಂದ ಎರಡು ಹರಿದಾರಿ. ಮೂವರೂ ಹೊಲದ ದಾರಿಯಲ್ಲಿ ನಡೆದರು. ಇಳಿಬಿಸಿಲಿನಲ್ಲಿ ದೂರದ ಮರಗಳೆಲ್ಲ ನೀರಿನಲ್ಲಿ ನಿಂತಂತೆ ಕದಲುತ್ತಿದ್ದವು.

ಸಮಾಧಿಭೂಮಿಯ ಗೇಟಿನ ಒಳಗೆ, ಹೊಂಗೆಯ ನೆರಳಲ್ಲಿ, ಅವರ ಅಪ್ಪ ಚಿನ್ನಪ್ಪ ಕೂತಿದ್ದ. ಊರಿನ ಕ್ರೈಸ್ತರಿಗೆಲ್ಲ ಹಿರಿಯ. ಗೇಟಿನ ಬೀಗದಕೈ ಅವನ ಸೊಂಟದಲ್ಲೇ ಇರುತ್ತಿತ್ತು. ದಿನವೂ ಇಳಿಹೊತ್ತು ಅಲ್ಲಿಗೆ ಬಂದು ಹೆಂಡತಿಯ ಗೋರಿಯ ಸುತ್ತ ಕಸ ಗುಡಿಸಿ ಕೂರುತ್ತಿದ್ದ.

ಮಗಳನ್ನು ನೋಡಿ ಎದ್ದುಬಂದ. ಗೇಟು ತೆಗೆಯಲಿಲ್ಲ.

ಅಮ್ಮನಿಗೆ ಹೂ ಹಾಕಿ ಹೋಗಿಬಿಡುತ್ತೇವೆ ಎಂದು ಇನ್ನಾಸಪ್ಪ ಮೆಲ್ಲಗೆ ಹೇಳಿದ.

ಮುದುಕ ಮಗನನ್ನೇ ನೋಡಿದ.

"ಅವತ್ತು ಶಾಸ್ತ್ರ ಓದಿ, ಇವಳು ನಮ್ಮವಳಲ್ಲ ಅಂದವನು ನೀನು. ನಾನು ಓದು ಬಾರದ ಹೆಬ್ಬೆಟ್ಟಿನವನು. ದೇವರ ಮಾತು ಅಂತ ನೀನು ಹೇಳ್ದೆ, ನಾನು ಮಗಳನ್ನ ಬಿಟ್ಟೆ. ಎಂಟು ವರ್ಷ ಬಿಟ್ಟಿದೀನಿ. ಈಗ ದೇವರು ಮಾತು ಬದಲಾಯಿಸಿದನಾ?"

ಇನ್ನಾಸಪ್ಪನ ನಾಲಿಗೆಯ ತುದಿಗೆ ಹತ್ತು ವಾಕ್ಯಗಳು ಬಂದವು. ಎಲ್ಲವೂ ಪ್ರೀತಿಯ ವಾಕ್ಯಗಳೇ. ಒಂದೊಂದನ್ನೂ ಎತ್ತಿ ಅಪ್ಪನ ಬಾಯಿ ಮುಚ್ಚಿಸಬಹುದಿತ್ತು. ಅಂದು ತಂಗಿಯ ಬಾಯಿ ಮುಚ್ಚಿಸಿದ್ದೂ ಹೀಗೆಯೇ ಎಂದು ನೆನಪಾಗಿ, ನಾಲಿಗೆ ಏಳಲಿಲ್ಲ.

"ಓದಿದ್ದು ನಾನು, ಅಪ್ಪ," ಎಂದಷ್ಟೇ ಅಂದ. "ದೇವರಲ್ಲ."

ಆಮೇಲೆ ಅವನು ಬೀದಿಯ ಮಣ್ಣಿನಲ್ಲಿ ಮೊಣಕಾಲೂರಿದ. ಗೇಟಿನ ಹೊರಗೇ, ತಂಗಿಯ ಪಕ್ಕದಲ್ಲಿ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಯನ್ನು ಶುರುಮಾಡಿದ. ಸಂತರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವ ಹಳೆಯ ಪ್ರಾರ್ಥನೆ ಅದು.

"ಅವಳಿಗಾಗಿ ಬೇಡಿಕೊಳ್ಳಿರಿ," ಎಂದಳು ಲೂರ್ದಮ್ಮ.

ಅವನು ಮುಂದಿನ ಹೆಸರು ಕರೆದ. ಅವಳು ಉತ್ತರ ಹೇಳಿದಳು. ನಾಲ್ಕನೆಯದಕ್ಕೆ ಶಂಭುಲಿಂಗನೂ ದನಿಗೂಡಿಸಿದ. ಅವನಿಗೆ ಅದು ಹೊಸ ಮಾತು, ತಡವರಿಸಿ ಅರ್ಧ ನುಂಗಿ ಹೇಳುತ್ತಿದ್ದ. ಆದರೂ ಬಿಡಲಿಲ್ಲ.

ಹೆಸರುಗಳು ಒಂದರ ಹಿಂದೆ ಒಂದು ಹೋದವು. ಬಿಸಿಲು ಹಳದಿಯಾಯಿತು. ಇನ್ನಾಸಪ್ಪನಿಗೆ ತಾನು ಗೇಟಿನ ಹೊರಗಿದ್ದೇನೋ, ಆ ದಿನದ ಬಾಗಿಲಿನ ಹೊರಗಿದ್ದೇನೋ ತಿಳಿಯದಾಯಿತು. ಅಮ್ಮ ಈಗಷ್ಟೇ ಕಣ್ಣು ಮುಚ್ಚಿದ ಹಾಗೆ, ಬೀದಿಯವರೆಲ್ಲ ಇನ್ನು ಬರಬೇಕಾದ ಹಾಗೆ.

ಆಗ ಉತ್ತರ ಹೇಳುವವರ ಜೊತೆ ಮೂರನೆಯ ದನಿ ಕೇಳಿತು. ಕೆಮ್ಮಿನ, ಒಣಗಿದ ದನಿ. ಇನ್ನಾಸಪ್ಪ ತಲೆಯೆತ್ತಲಿಲ್ಲ. ಎಪ್ಪತ್ತು ವರ್ಷ ಆ ಹೆಸರುಗಳನ್ನು ಕೇಳಿ ಉತ್ತರಿಸಿದ ಬಾಯಿ ಅದು. ಸುಮ್ಮನಿರಲು ಅದಕ್ಕೆ ಬರಲಿಲ್ಲ.

ಪ್ರಾರ್ಥನೆ ಮುಗಿಯಿತು. ಯಾರೂ ಏಳಲಿಲ್ಲ.

ಗೇಟಿನ ಸರಳುಗಳ ನಡುವಿನಿಂದ ಚಿನ್ನಪ್ಪನ ಕೈ ಹೊರಗೆ ಬಂತು. ಶಂಭುಲಿಂಗನ ಮುಖ ನೋಡದೆ ಕೈ ಚಾಚಿ ನಿಂತಿದ್ದ. ಶಂಭುಲಿಂಗ ಹಾರವನ್ನು ಆ ಕೈಯಲ್ಲಿಟ್ಟ.

ಮುದುಕ ಅದನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ನಡೆದುಹೋಗಿ ಒಂದು ಗೋರಿಯ ಮೇಲೆ ಹಾಕಿದ. ಎರಡು ಸಲ ನೆಟ್ಟಗೆ ಮಾಡಿದ. ಅಮ್ಮನ ಗೋರಿ ಎಲ್ಲಿದೆ ಎಂದು ಲೂರ್ದಮ್ಮ ಸರಳು ಹಿಡಿದು ನಿಂತು, ಕತ್ತಲೆ ಇಳಿಯುವ ತನಕ ನೋಡಿದಳು.

ಮರುದಿನ ಬೆಳಿಗ್ಗೆ ಇನ್ನಾಸಪ್ಪ ಆಶ್ರಮಕ್ಕೆ ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ಜಗಲಿಯ ಮೇಲೆ ರಾಯಪ್ಪಸ್ವಾಮಿ ಕೂತಿದ್ದರು. ಅವನು ಎಲ್ಲವನ್ನೂ ಹೇಳಿದ. ಈ ಸಲ ಏನನ್ನೂ ಬಿಡಲಿಲ್ಲ. ಬಾಗಿಲು ಹಾಕಿದ್ದನ್ನೂ, ಮರುದನಿ ಎಂದುಕೊಂಡಿದ್ದನ್ನೂ ಹೇಳಿದ.

"ಗೇಟು ತೆಗೆದರಾ?" ಎಂದು ಸ್ವಾಮಿಗಳು ಕೇಳಿದರು.

"ಇಲ್ಲ, ಸ್ವಾಮಿ. ಹಾರ ತಗೊಂಡರು. ಮುಂದಿನ ಭಾನುವಾರ ಮತ್ತೆ ಹೋಗ್ತೀವಿ, ಮೂವರೂ."

ಸ್ವಾಮಿಗಳು ತಲೆಯಾಡಿಸಿದರು.

ದೀಕ್ಷೆ ಈ ಹಬ್ಬಕ್ಕೆ ಬೇಡ, ತಾನು ಅದಕ್ಕೆ ತಕ್ಕವನಲ್ಲ ಎಂದ ಇನ್ನಾಸಪ್ಪ. ಹೊಳೆಯ ಮೇಲೆ ಕಾಣದ ಹರಿಗೋಲೊಂದರ ಹುಟ್ಟಿನ ಸದ್ದು ಹತ್ತಿರ ಬಂದು, ದೂರ ಹೋಯಿತು.

ಅವನೇ ಮತ್ತೆ ಬಾಯಿ ತೆಗೆದ.

"ಆ ಮೇಷ್ಟ್ರಿಗೆ ಒಂದು ಕಾಗದ ಬರೀಬೇಕು, ಸ್ವಾಮಿ. ಅವತ್ತು ನಾನು ಪ್ರೀತಿ ಅಂತ ಹೇಳಿದ್ದೆಲ್ಲ ಸುಳ್ಳು ಅಂತ."

ರಾಯಪ್ಪಸ್ವಾಮಿ ಶಿಷ್ಯನ ಮೊಣಕಾಲಿಗೆ ಅಂಟಿದ್ದ ಬೀದಿಯ ಮಣ್ಣನ್ನು ನೋಡಿದರು.

"ಸುಳ್ಳಲ್ಲಪ್ಪ," ಎಂದರು. "ಆಗ ಅದಿನ್ನೂ ನಡೆದಿರಲಿಲ್ಲ, ಅಷ್ಟೇ."