ಸಿಂಗಿ ದೂಳಿನಲ್ಲಿ ಹೊರಳಿದ್ದು

ಕತ್ತೆಗೆ ಅನ್ಯಾಯವಾಗಿದೆ. ದಡ್ಡರ ವೇಷವನ್ನು ಅವಳು ಕೇಳಿ ಪಡೆದದ್ದಲ್ಲ. ಅವಳು ದುಡಿಯಲು ಹೋಗಿದ್ದಾಗ ಉಳಿದವರು ಅವಳ ತಲೆಗೆ ಕಟ್ಟಿದ್ದು.

ಲೋಕ ಇನ್ನೂ ಹಸಿಮಣ್ಣಿನ ವಾಸನೆ ಬಿಡುತ್ತಿದ್ದ ಕಾಲ. ಕತೆಗಳು ಹುಟ್ಟಿದ್ದವು, ಕತೆಯೊಳಗೆ ಯಾರು ಏನಾಗಬೇಕೆಂಬುದು ಗೊತ್ತಾಗಿರಲಿಲ್ಲ. ವೇಷ ಹಂಚಲು, ಬಯಲಾಟ ಕಲಿಸುವ ಗಾಳಿ ಮೇಷ್ಟ್ರು ಬಯಲಿಗೆ ಬಂದರು. ಅವರು ಬಳಿದ ಬಣ್ಣ ಹೊತ್ತು ಮುಳುಗುವಾಗ ಒಣಗುತ್ತಿತ್ತು. ಒಣಗಿದರೆ ಮುಗಿಯಿತು, ಆ ವೇಷ ಎಂದೆಂದಿಗೂ ಬಿಡದು.

ಬಣ್ಣದ ಪೆಟ್ಟಿಗೆಯನ್ನು ಗುಡ್ಡದಾಚೆಯಿಂದ ಹೊತ್ತು ತಂದವಳು ಸಿಂಗಿ ಎಂಬ ಕತ್ತೆ. ಅದನ್ನು ಇಳಿಸಿ, ಮದ್ದಳೆ ತರಲು ಮತ್ತೆ ಹೋದಳು. ಅಷ್ಟರಲ್ಲಿ ಸಿಂಹ ರಾಜನಾಯಿತು, ನರಿ ಠಕ್ಕನಾಯಿತು, ಮೊಲ ಜಾಣನಾಯಿತು. ಸಿಂಗಿ ಏದುಸಿರು ಬಿಡುತ್ತ ಬಂದಾಗ ಪೆಟ್ಟಿಗೆಯ ತಳದಲ್ಲಿ ದಡ್ಡರ ಬಿಳಿ ಬಣ್ಣವೊಂದೇ ಉಳಿದಿತ್ತು. ಮೇಷ್ಟ್ರು ಅದನ್ನೇ ಮೂತಿಯಿಂದ ಬಾಲದವರೆಗೂ ಬಳಿದರು.

"ಪೆಟ್ಟಿಗೆ ಹೊತ್ತವಳು ನಾನಲ್ಲವಾ ಮೇಷ್ಟ್ರೇ?"

"ಹೊತ್ತವಳು ನೀನೇ ಕಣವ್ವ. ಆದರೆ ಕೂತವರಿಗೆ ಮೊದಲು, ತಡವಾದವರಿಗೆ ಉಳಿದದ್ದು. ಆಟದ ಪದ್ಧತಿ."

"ಹೊತ್ತವರು ತಡವಾಗದೆ ಇನ್ನೇನಾಗ್ತಾರೆ? ಈ ಪದ್ಧತಿ ಮಾಡಿದವರು ಒಂದು ಸಲ ಪೆಟ್ಟಿಗೆ ಹೊತ್ತು ನೋಡಲಿ."

ನರಿ ಕಿಸಕ್ಕನೆ ನಕ್ಕಿತು. ದಡ್ಡಮ್ಮನಿಗೆ ಮಾತು ಬೇರೆ ಬರುತ್ತದಲ್ಲ ಎಂದಿತು.

ಹೊತ್ತು ಇಳಿಯುತ್ತಿತ್ತು. ಸಿಂಗಿ ಹೊಳೆಗೆ ಓಡಿದಳು. ಅದು ಅಂಟು ಕಲಸಿದ ಬಣ್ಣ, ನೀರಿಗೆ ಬಿಡುವುದಿಲ್ಲ, ಒಣದೂಳಿಗೆ ಹೋಗು ಮಗಳೇ ಎಂದಳು ಹೊಳೆಯವ್ವ.

ಸಿಂಗಿ ದಾರಿಯ ದೂಳಿಗೆ ಬಿದ್ದಳು. ಬೆನ್ನು ಉಜ್ಜಿದಳು, ಪಕ್ಕೆ ಉಜ್ಜಿದಳು, ನಾಲ್ಕೂ ಕಾಲು ಆಕಾಶಕ್ಕೆತ್ತಿ ಹೊರಳಿದಳು. ಬಣ್ಣ ಪುಡಿಪುಡಿಯಾಗಿ ಹಾರಿತು. ಕಚಗುಳಿಗೆ ನಗು ಬಂದು ಅವಳು ಬಯಲೆಲ್ಲ ಕೇಳುವಂತೆ ಅರಚಿದಳು. ಗುಬ್ಬಿಗಳು ತಾವೂ ದೂಳಿಗಿಳಿದು ರೆಕ್ಕೆ ಬಡಿದವು. ಸಿಂಹಕ್ಕೂ ಆಸೆಯಾಯಿತು. ಪಾಪ, ರಾಜ ಹೊರಳುವಂತಿಲ್ಲ.

ಹೊತ್ತು ಮುಳುಗಿತು. ಮೈಯೆಲ್ಲ ತನ್ನದೇ ಬೂದುಬಣ್ಣ, ಸಿಂಗಿ ಮತ್ತೆ ಸಿಂಗಿಯೇ. ನಗುವ ಭರದಲ್ಲಿ ಉಜ್ಜಲು ಮರೆತ ಮೂತಿಯೊಂದು ಮಾತ್ರ ಬೆಳ್ಳಗೆ ಉಳಿಯಿತು.

ಅದಕ್ಕೇ ಇವತ್ತಿಗೂ ಬೆನ್ನಿನ ಹೊರೆ ಇಳಿಸಿದೊಡನೆ ಕತ್ತೆ ದೂಳಿನಲ್ಲಿ ಹೊರಳುತ್ತದೆ, ಖುಷಿಯಿಂದ ಅರಚುತ್ತದೆ. ಆ ಬಿಳಿ ಮೂತಿ ನೋಡಿಯೇ ಜನ ಅವಳನ್ನು ದಡ್ಡಿ ಅನ್ನುತ್ತಾರೆ. ಅವಳ ಕೈಲಾದದ್ದನ್ನು ಅವಳು ಉಜ್ಜಿದ್ದಾಳೆ. ಉಳಿದದ್ದನ್ನು ನೀವು ಉಜ್ಜಿ: ಇವತ್ತು ಮಗುವಿಗೆ ಹೇಳುವ ಕತೆಯಲ್ಲಿ ಕತ್ತೆಯನ್ನು ದಡ್ಡಿ ಮಾಡಬೇಡಿ.